ಕಕ್ಕಡದ ಚಳಿಯಲ್ಲೂ ಹಣೆ ಬೆವರುವ ಕೂಸು

ಪ್ರಶ್ನೆ: ಕೊಡಗಿನ ಮಾದಾಪುರದ ಹತ್ತಿರ ನಮ್ಮ ಮನೆ. ಮಗನಿಗೆ ಈಗ ಹತ್ತು ವಾರ. ಹುಟ್ಟಿದಾಗ 2.9 ಕೆ.ಜಿ. ಇದ್ದ, ಮೊನ್ನೆ ಲಸಿಕೆಗೆ ಹೋದಾಗ ತೂಗಿದರೆ 3.5 ಕೆ.ಜಿ. ಎರಡು ನಿಮಿಷ ಹಾಲು ಕುಡಿಯುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾನೆ, ಸ್ವಲ್ಪ ಹೊತ್ತಿಗೆ ಹಸಿದು ಮತ್ತೆ ಅಳುತ್ತಾನೆ. ಕಕ್ಕಡ ತಿಂಗಳ ಈ ಮಳೆ ಚಳಿಯಲ್ಲೂ ಹಾಲು ಕುಡಿಯುವಾಗ ಹಣೆ ಬೆವರುತ್ತದೆ. ಇಲ್ಲಿಯ ವೈದ್ಯರು, ಎದೆಯಲ್ಲಿ ‘ಮರ್ಮರ್’ ಕೇಳಿಸುತ್ತಿದೆ, ಮೈಸೂರಿಗೆ ಹೋಗಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಎಂದರು. ಹುಟ್ಟಿದ ಆಸ್ಪತ್ರೆಯಲ್ಲಿ ಹೃದಯ ಚೆನ್ನಾಗಿದೆ ಎಂದಿದ್ದರು. ದೊಡ್ಡ ಮಗಳಿಗೂ ನಾಲ್ಕು ವರ್ಷವಿದ್ದಾಗ ಹೀಗೇ ಶಬ್ದವಿದೆ ಎಂದು ಹೇಳಿ ಆಮೇಲೆ ಏನೂ ಇಲ್ಲ ಎಂದಿದ್ದರು. ಅವಳಿಗೀಗ ಎಂಟು ವರ್ಷ, ಚೆನ್ನಾಗಿದ್ದಾಳೆ. ಅದಕ್ಕೇ ನಮ್ಮ ಅತ್ತೆಯವರು, ಮಳೆ ನಿಂತು ಸುಗ್ಗಿಯ ಹುತ್ತರಿ ಹಬ್ಬ ಕಳೆದ ಮೇಲೆ ಹೋದರಾಯಿತು ಎನ್ನುತ್ತಾರೆ. ಬಸುರಿಯಾಗಿದ್ದಾಗ ಐದನೆಯ ತಿಂಗಳಲ್ಲಿ ನಾನು ಕಾಫಿ ಕಣದಲ್ಲಿ ಜಾರಿ ಬಿದ್ದಿದ್ದೆ. ಅದರಿಂದಲೇ ಹೀಗಾಯಿತೇ?

ಉತ್ತರ: ಹುತ್ತರಿಯ ತನಕ ಕಾಯಬೇಡಿ. ಈ ವಾರವೇ ಹೊರಡಿ. ನಿಮ್ಮ ಪತ್ರದಲ್ಲಿ ‘ಮರ್ಮರ್’ ಎಂಬ ಮಾತು ಇಲ್ಲದೇ ಹೋಗಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಎದೆಯ ಶಬ್ದಕ್ಕಿಂತ ನೀವು ಬರೆದಿರುವ ಮಿಕ್ಕ ಮೂರು ಸಂಗತಿಗಳು ನನ್ನನ್ನು ಹೆಚ್ಚು ಕಾಡಿದವು: ಹಾಲು ಕುಡಿಯುತ್ತ ಸುಸ್ತಾಗುವುದು, ಹಣೆಯ ಬೆವರು, ಏರದ ತೂಕ.

ಹತ್ತು ವಾರದ ಕೂಸಿಗೆ ಹಾಲು ಕುಡಿಯುವುದೇ ದಿನದ ದೊಡ್ಡ ದುಡಿಮೆ. ಅದು ಓಡುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ. ಹೃದಯಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬುದನ್ನು ಬೇರೆಲ್ಲೂ ತೋರಿಸಲು ಅದಕ್ಕೆ ಸಾಧ್ಯವಿಲ್ಲ. ದೊಡ್ಡವರು ಏರು ತೋಟದಲ್ಲಿ ಚೀಲ ಹೊತ್ತು ಹತ್ತುವಾಗ ನಿಂತು ನಿಂತು ಉಸಿರು ತೆಗೆದುಕೊಳ್ಳುವಂತೆ ಈ ಕೂಸು ಎರಡು ನಿಮಿಷ ಚೀಪಿ, ಬಿಟ್ಟು, ಏದುಸಿರು ಬಿಟ್ಟು, ಮತ್ತೆ ಚೀಪುತ್ತದೆ. ಆರೋಗ್ಯವಾಗಿರುವ ಮಗು ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೊಟ್ಟೆ ತುಂಬಿಸಿಕೊಂಡು ಎರಡು ಗಂಟೆಯಾದರೂ ನಿದ್ದೆ ಮಾಡುತ್ತದೆ. ಪ್ರತಿ ಸಲ ಅರ್ಧ ಗಂಟೆ ಮೀರಿ ಎಳೆಯುತ್ತಿದ್ದರೆ, ಮುಗಿಸುವಷ್ಟರಲ್ಲಿ ತಲೆಗೂದಲು ಒದ್ದೆಯಾಗಿದ್ದರೆ ಅದನ್ನು ‘ಸೋಮಾರಿ ಮಗು’ ಎಂದು ತಳ್ಳಿಹಾಕುವಂತಿಲ್ಲ. ತೂಕದ ಲೆಕ್ಕವನ್ನೂ ನೋಡಿ. ಹುಟ್ಟಿದ ಮೊದಲ ವಾರ ಸ್ವಲ್ಪ ಇಳಿದು, ಹತ್ತು ಹನ್ನೆರಡು ದಿನಕ್ಕೆ ಮಗು ಹುಟ್ಟುತೂಕಕ್ಕೆ ಮರಳುತ್ತದೆ. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ನಿಮ್ಮ ಮಗ ಇಷ್ಟು ಹೊತ್ತಿಗೆ ನಾಲ್ಕೂಕಾಲು ಕೆ.ಜಿ.ಯ ಆಸುಪಾಸಿನಲ್ಲಿ ಇರಬೇಕಿತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದು ಬರೆದ ತೂಕಗಳು ತಾಯಿ ಕಾರ್ಡಿನಲ್ಲಿ ಇದ್ದೇ ಇರುತ್ತವೆ. ಅವನ್ನು ಸಾಲಾಗಿ ಓದಿದರೆ ಯಾವ ವಾರದಿಂದ ಏರಿಕೆ ನಿಂತಿತು ಎಂಬುದು ತಿಳಿಯುತ್ತದೆ. ಆ ಕಾರ್ಡನ್ನು ಮೈಸೂರಿಗೆ ತಪ್ಪದೆ ಒಯ್ಯಿರಿ.

ಇವತ್ತು ರಾತ್ರಿ ಇನ್ನೊಂದು ಕೆಲಸ ಮಾಡಿ. ಮಗು ನಿದ್ದೆಯಲ್ಲಿರುವಾಗ ಅಂಗಿಯನ್ನು ಎದೆಯ ಮೇಲಕ್ಕೆ ಸರಿಸಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಯ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚಾದರೆ ಉಸಿರು ಜೋರಾಗಿದೆ ಎಂದೇ ಲೆಕ್ಕ. ಪಕ್ಕೆಲುಬುಗಳ ಕೆಳಗೆ ಗುಳಿ ಬೀಳುತ್ತಿದೆಯೇ ಎಂಬುದನ್ನೂ ನೋಡಿ. ಜ್ವರವಿಲ್ಲ, ಮೂಗು ಸೋರುತ್ತಿಲ್ಲ, ಆದರೂ ಉಸಿರು ಜೋರಾಗಿದೆ ಎಂದರೆ ಹೃದಯದ ಕಡೆ ಗಮನ ಹರಿಯಬೇಕು.

ಕೊಡಗಿನ ಮಳೆಗಾಲದಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏದುಸಿರು ಬಿಡುವ ಪ್ರತಿ ಮಗುವಿಗೂ ‘ಶೀತ’ ಎಂಬ ಒಂದೇ ಹೆಸರು. ನಾನೂ ಒಮ್ಮೆ ಹಾಗೆಯೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ, ಎರಡನೆಯ ದಿನ ನಾನೇ ಎದೆ ಪರೀಕ್ಷಿಸಿ ಚೆನ್ನಾಗಿದೆ ಎಂದು ಕಳುಹಿಸಿದ್ದ ಕೂಸೊಂದು ಏಳನೆಯ ವಾರದಲ್ಲಿ ಜೋರು ಉಸಿರಿನೊಂದಿಗೆ ವಾಪಸು ಬಂತು. ಹೊರಗೆ ಕಕ್ಕಡದ ಮಳೆ. ಕಫವೆಂದು ತಿಳಿದು ಮೂರು ದಿನ ನೆಬ್ಯುಲೈಸರ್ ಕೊಡಿಸಿದೆ. ಮೂರನೆಯ ರಾತ್ರಿ ಹಿರಿಯ ಶುಶ್ರೂಷಕಿಯೊಬ್ಬರು ಬಂದು, ‘ಡಾಕ್ಟರೇ, ಈ ಮಗುವಿನ ಹೊಟ್ಟೆ ಒಮ್ಮೆ ಮುಟ್ಟಿ ನೋಡಿ’ ಎಂದರು. ಪಿತ್ತಜನಕಾಂಗ (ಲಿವರ್) ಪಕ್ಕೆಯಿಂದ ಮೂರು ಬೆರಳಿನಷ್ಟು ಕೆಳಗೆ ಇಳಿದಿತ್ತು. ಹೃದಯ ಸೋಲುತ್ತಿರುವ ಎಳೆಯ ಮಕ್ಕಳಲ್ಲಿ ರಕ್ತ ಹಿಂದಕ್ಕೆ ನಿಂತು ಮೊದಲು ಊದಿಕೊಳ್ಳುವುದು ಅದೇ. ಕಾಲು ಊದುವುದು ದೊಡ್ಡವರಲ್ಲಿ. ಆ ಮಗುವಿನ ಶಸ್ತ್ರಚಿಕಿತ್ಸೆ ಸಮಯಕ್ಕೆ ಸರಿಯಾಗಿ ಆಯಿತು. ಆದರೆ ಆ ಮೂರು ದಿನ ನನ್ನದೇ ತಪ್ಪು, ಅದನ್ನು ನಾನು ಮರೆತಿಲ್ಲ. ಅಂದಿನಿಂದ ಉಸಿರು ಜೋರಾಗಿರುವ ಯಾವ ಕೂಸಿನ ಹೊಟ್ಟೆಯನ್ನೂ ಮುಟ್ಟಿ ನೋಡದೆ ಬಿಟ್ಟಿಲ್ಲ.

ಹುಟ್ಟಿದಾಗ ಚೆನ್ನಾಗಿದ್ದದ್ದು ಈಗ ಹೇಗೆ ಕೆಟ್ಟಿತು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಗದ್ದೆಯಲ್ಲಿದೆ. ಅಕ್ಕಪಕ್ಕದ ಎರಡು ಗದ್ದೆಗಳಲ್ಲಿ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಬದು ಒಡೆದಿದ್ದರೂ ನೀರು ಹರಿಯುವುದಿಲ್ಲ, ಸದ್ದೂ ಬರುವುದಿಲ್ಲ. ಒಂದು ಕಡೆಯ ಮಟ್ಟ ಇಳಿದಾಗಲೇ ಹರಿವು ಶುರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದ್ದರೂ ಹೀಗೆಯೇ. ತಾಯಿಯ ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿರುವುದಿಲ್ಲ, ಅಲ್ಲಿಯ ರಕ್ತನಾಳಗಳು ಬಿಗಿಯಾಗಿರುತ್ತವೆ. ಹುಟ್ಟಿದ ಮೇಲೂ ಆ ಬಿಗಿತ ಒಮ್ಮೆಲೇ ಹೋಗದೆ ನಾಲ್ಕಾರು ವಾರಗಳಲ್ಲಿ ಸಡಿಲವಾಗುತ್ತದೆ. ಅಷ್ಟರ ತನಕ ಎಡ ಬಲ ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಒಂದೇ. ಆಮೇಲೆ ಬಲಗಡೆಯ ಒತ್ತಡ ಇಳಿಯುತ್ತದೆ, ಎಡಗಡೆಯ ರಕ್ತ ತೂತಿನ ಮೂಲಕ ನುಗ್ಗಿ ಶ್ವಾಸಕೋಶವನ್ನು ತುಂಬಿಬಿಡುತ್ತದೆ. ಉಸಿರು ಜೋರಾಗುವುದು ಆಗಲೇ. ಆದ್ದರಿಂದ ಹುಟ್ಟಿದ ಆಸ್ಪತ್ರೆಯವರ ಮೇಲೆ ಕೋಪ ಬೇಡ. ಎರಡನೆಯ ದಿನ ಅವರಿಗೆ ಏನೂ ಕೇಳಿಸದೇ ಇದ್ದಿರಬಹುದು. ಗದ್ದೆಯ ಮಾತು ಬಂದದ್ದರಿಂದ ಇನ್ನೊಂದು: ಬದುವಿನ ಸಣ್ಣ ಕಿಂಡಿಯಲ್ಲಿ ನೀರು ಜೋರಾಗಿ ಸದ್ದು ಮಾಡುತ್ತದೆ, ಪೂರ್ತಿ ಕುಸಿದ ಬದುವಿನಲ್ಲಿ ಸುಮ್ಮನೆ ಹರಿಯುತ್ತದೆ. ಹೃದಯದಲ್ಲೂ ಸಣ್ಣ ತೂತಿನ ಶಬ್ದ ದೊಡ್ಡದಾಗಿರಬಹುದು, ದೊಡ್ಡ ತೂತಿನದು ಮೆಲ್ಲಗಿರಬಹುದು. ಶಬ್ದ ಸಣ್ಣದು ಎಂದು ಯಾರಾದರೂ ಸಮಾಧಾನ ಹೇಳಿದರೆ ಅದನ್ನೇ ನಂಬಿ ಕೂರಬೇಡಿ.

ನಿಮ್ಮ ಮಗನಿಗೆ ಇರುವುದು ಇದೇ ಎಂದು ಪತ್ರ ನೋಡಿ ನಾನು ಹೇಳಲಾರೆ. ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಅವುಗಳಲ್ಲಿ ಕೆಳಕೋಣೆಗಳ ನಡುವಿನ ಈ ತೂತು ಬಹಳ ಸಾಮಾನ್ಯ. ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳವೊಂದು ಮುಚ್ಚದೆ ಉಳಿದಾಗಲೂ ಲಕ್ಷಣಗಳು ಹೀಗೆಯೇ ಇರುತ್ತವೆ. ಯಾವುದು, ಎಷ್ಟು ದೊಡ್ಡದು ಎಂಬುದನ್ನು ಎಕೋ ಹೇಳುತ್ತದೆ. ಸಣ್ಣ ತೂತುಗಳು ಒಂದೆರಡು ವರ್ಷದಲ್ಲಿ ತಾವೇ ಮುಚ್ಚಿಕೊಳ್ಳುವುದು ಸಾಮಾನ್ಯ. ಆದರೆ ತೂಕ ಏರಲು ಬಿಡದಷ್ಟು ದೊಡ್ಡ ತೂತಿಗೆ ಕಾಯುವ ಮದ್ದಿಲ್ಲ. ಅತ್ತೆಯವರಿಗೆ ಹೇಳಬೇಕಾದ ಮಾತು ಇದು: ಜೋರಾಗಿ ನುಗ್ಗುವ ರಕ್ತವನ್ನು ತಡೆಯಲು ಶ್ವಾಸಕೋಶದ ನಾಳಗಳು ತಮ್ಮ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತ ಹೋಗುತ್ತವೆ. ಸ್ವಲ್ಪ ಕಾಲದವರೆಗೆ ಅದು ಹಿಂದಿರುಗಬಲ್ಲದು, ಆಮೇಲೆ ಇಲ್ಲ. ದೊಡ್ಡ ತೂತನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ತಡವೆಂದರೂ ವರ್ಷ ತುಂಬುವ ಮೊದಲು ಮುಚ್ಚಬೇಕೆನ್ನುವುದು ಅದಕ್ಕೇ. ಹುತ್ತರಿಯ ಹೊತ್ತಿಗೆ ನಿಮ್ಮ ಮಗನಿಗೆ ಆರು ತಿಂಗಳು ಕಳೆದಿರುತ್ತದೆ.

ಇನ್ನೂ ಒಂದು ವಿಚಿತ್ರವಿದೆ. ನಾಳಗಳು ದಪ್ಪಗಾದಂತೆ ಒಳನುಗ್ಗುವ ರಕ್ತ ಕಡಿಮೆಯಾಗಿ ಮಗು ಕೆಲಕಾಲ ಚೇತರಿಸಿಕೊಂಡಂತೆ ಕಾಣುತ್ತದೆ. ಬೆವರು ನಿಲ್ಲುತ್ತದೆ, ತೂಕ ಏರುತ್ತದೆ, ಮನೆಯವರು ಹರಕೆ ಫಲಿಸಿತೆಂದು ನಿಟ್ಟುಸಿರು ಬಿಡುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಯ ಕುಟುಂಬವೊಂದು ತೋಟದಿಂದ ತೋಟಕ್ಕೆ ಕೆಲಸ ಬದಲಿಸುತ್ತ ಹೀಗೆಯೇ ನೆಮ್ಮದಿಯಾಗಿತ್ತು. ಏಳನೆಯ ವಯಸ್ಸಿಗೆ ಅವರ ಮಗಳನ್ನು ನನ್ನ ಬಳಿ ಕರೆತಂದಾಗ ತುಟಿ ನೀಲಿಯಾಗಿತ್ತು. ತೂತು ಮುಚ್ಚುವ ಕಾಲ ಮೀರಿತ್ತು. ಅವಳ ತಂದೆ ‘ಮಗು ಆಮೇಲೆ ಚೆನ್ನಾಗಿಯೇ ಇತ್ತಲ್ಲ ಸಾರ್’ ಎಂದು ಮತ್ತೆ ಮತ್ತೆ ಕೇಳಿದರು.

ನೀಲಿಯ ಮಾತು ಬಂದಿತು. ನಮ್ಮ ಚಳಿಯಲ್ಲಿ ಎಳೆಮಕ್ಕಳ ಕೈಕಾಲು, ತುಟಿಯ ಸುತ್ತಲಿನ ಚರ್ಮ ನೀಲಿಯಾಗುವುದು ಸಹಜ. ಬೆಚ್ಚಗೆ ಹೊದಿಸಿದರೆ ಹೋಗುತ್ತದೆ. ನೋಡಬೇಕಾದದ್ದು ನಾಲಿಗೆಯನ್ನು, ಒಸಡನ್ನು. ಹಗಲು ಬೆಳಕಿನಲ್ಲಿ ನಾಲಿಗೆಯೇ ನೀಲಿಯಾಗಿ ಕಂಡರೆ ಅದು ಚಳಿಯದಲ್ಲ. ಮೈಬಣ್ಣ ಕಪ್ಪಾಗಿರುವ ಮಗುವಿನಲ್ಲೂ ನಾಲಿಗೆ ನಿಜ ಹೇಳುತ್ತದೆ. ಇಂಥ ಮಕ್ಕಳನ್ನು ಬೇಗ ಹಿಡಿಯಲು ಬಹಳ ಸರಳವಾದ ಉಪಾಯವಿದೆ: ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೂ ಒಂದು ಕಾಲಿಗೂ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವುದು. 95 ಅಥವಾ ಅದಕ್ಕಿಂತ ಹೆಚ್ಚಿದ್ದು, ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಸರಿ. 90ಕ್ಕಿಂತ ಕೆಳಗಿದ್ದರೆ ಮನೆಗೆ ಕಳುಹಿಸುವಂತಿಲ್ಲ. ಇದು ನಾನು ಮೇಲೆ ಹೇಳಿದಂಥ ತೂತನ್ನು ತೋರಿಸುವುದಿಲ್ಲ. ಆದರೆ ಮಹಾನಾಳಗಳು ಅದಲುಬದಲಾಗಿ ಹುಟ್ಟಿದ, ಕೆಲವೇ ವಾರಗಳಲ್ಲಿ ಶಸ್ತ್ರಚಿಕಿತ್ಸೆ ಆಗಲೇಬೇಕಾದ ಮಕ್ಕಳನ್ನು ಉಳಿಸುತ್ತದೆ. ಹೆರಿಗೆಯಾದ ಮನೆಯವರು ಇದನ್ನು ಬಾಯಿಬಿಟ್ಟು ಕೇಳಬೇಕು, ಸಂಕೋಚ ಬೇಡ. ನೀಲಿ ಮಕ್ಕಳಲ್ಲಿ ಕೆಲವರು ಬೆಳಗ್ಗೆ ಎದ್ದು ಅತ್ತಾಗ ಇಲ್ಲವೇ ಮಲವಿಸರ್ಜನೆಯ ನಂತರ ಇದ್ದಕ್ಕಿದ್ದಂತೆ ಕಡುನೀಲಿಯಾಗಿ ಏದುಸಿರು ಬಿಡುತ್ತಾರೆ. ಆಗ ಮಗುವಿನ ಮಂಡಿಗಳನ್ನು ಎದೆಗೆ ಒತ್ತಿ ಹಿಡಿದು, ಸಮಾಧಾನಪಡಿಸುತ್ತ ಆಸ್ಪತ್ರೆಗೆ ಓಡಬೇಕು.

ಮೈಸೂರಿನ ಪ್ರಯಾಣಕ್ಕೆ ಬರುತ್ತೇನೆ. ಸುಂಟಿಕೊಪ್ಪ, ಕುಶಾಲನಗರ, ಹುಣಸೂರು ದಾಟಿ ಹೋಗುವ ದಾರಿ, ಬೆಳಕಿರುವಾಗಲೇ ಹೊರಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಮಾದಾಪುರದವರಿಗೆ ಮಳೆಯ ರಸ್ತೆಯ ಭಯ ನಾನು ಹೇಳಿಕೊಡಬೇಕಾಗಿಲ್ಲ. ರಸ್ತೆಯ ಸ್ಥಿತಿ ಕೇಳಿಕೊಂಡು ಒಂದು ದಿನ ಮುಂದೂಡಿದರೆ ತಪ್ಪಿಲ್ಲ, ತಿಂಗಳುಗಟ್ಟಲೆ ಮುಂದೂಡಬೇಡಿ. ಸಾಧ್ಯವಿದ್ದರೆ ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜಿನ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ ಶಿಫಾರಸು ಪತ್ರ ಪಡೆಯಿರಿ. ಉಸಿರನ್ನು ಹಗುರ ಮಾಡುವ ಔಷಧವನ್ನು ಅವರು ಅಲ್ಲಿಯೇ ಆರಂಭಿಸಬಹುದು, ಪತ್ರದಿಂದ ಮುಂದಿನ ಖರ್ಚಿಗೂ ದಾರಿಯಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯದೋಷವೂ ಸೇರಿದೆ. ಅಂಗನವಾಡಿಗೆ ಬರುವ ತಂಡ ಅದರದ್ದೇ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಎಕೋ ಮಾಡಿಸಬಹುದು. ಶಸ್ತ್ರಚಿಕಿತ್ಸೆ ಎಲ್ಲಿ ಎಂಬುದನ್ನು ಅದರ ಫಲಿತಾಂಶ ನೋಡಿ ಅವರೇ ಹೇಳುತ್ತಾರೆ. ಎಕೋಗೆ ಸೂಜಿಯಿಲ್ಲ, ವಿಕಿರಣವಿಲ್ಲ. ಎದೆಗೆ ಜೆಲ್ ಸವರಿ ಯಂತ್ರದ ತುದಿಯನ್ನು ಆಡಿಸುತ್ತಾರೆ, ಅಷ್ಟೇ. ಮಗು ಶಾಂತವಾಗಿರಬೇಕು, ಆದ್ದರಿಂದ ಯಾವಾಗ ಹಾಲು ಕೊಡಲಿ ಎಂದು ಅವರನ್ನು ಮೊದಲೇ ಕೇಳಿ.

ಅಲ್ಲಿಯ ತನಕ ಮನೆಯಲ್ಲಿ: ಎರಡು ಗಂಟೆಗೊಮ್ಮೆ, ಸ್ವಲ್ಪ ಸ್ವಲ್ಪವೇ, ತಲೆ ಎತ್ತರಕ್ಕಿಟ್ಟು ಕುಡಿಸಿ. ಇಪ್ಪತ್ತು ನಿಮಿಷ ಕಳೆದರೆ ಚೀಪಿಸುವುದನ್ನು ನಿಲ್ಲಿಸಿ, ಮಿಕ್ಕ ಹಾಲನ್ನು ಹಿಂಡಿ ಒಳಲೆಯಲ್ಲಿ ಕೊಡಿ. ಚೀಪುವ ಶ್ರಮ ಉಳಿದರೆ ಆ ಶಕ್ತಿ ತೂಕಕ್ಕೆ ಸೇರುತ್ತದೆ. ಒಳಲೆಯನ್ನು ಪ್ರತಿ ಸಲ ಕುದಿಸಿ ತೊಳೆಯಿರಿ. ಸಕ್ಕರೆ ನೀರು, ಗ್ರೈಪ್ ವಾಟರ್, ಮದ್ದುಸೊಪ್ಪಿನ ರಸ ಯಾವುದೂ ಬೇಡ. ಕಕ್ಕಡದ ಮದ್ದುಸೊಪ್ಪಿನ ಮೇಲೆ ನನಗೆ ಗೌರವವಿದೆ, ಅದು ದೊಡ್ಡವರ ಊಟ. ವೈದ್ಯರು ಮೂತ್ರ ಹೆಚ್ಚಿಸುವ ಔಷಧವನ್ನೋ ಹೃದಯದ ಔಷಧವಾದ ಡಿಗಾಕ್ಸಿನ್ ಅನ್ನೋ ಬರೆದುಕೊಟ್ಟರೆ ಚಮಚದಲ್ಲಿ ಅಂದಾಜು ಮಾಡದೆ ಸಿರಿಂಜ್‌ನಲ್ಲಿ ಅಳೆದು ಕೊಡಿ; ಮಗು ವಾಂತಿ ಮಾಡಿಕೊಂಡಿತೆಂದು ನಿಮ್ಮಷ್ಟಕ್ಕೆ ಮತ್ತೊಂದು ಸಲ ಕೊಡಬೇಡಿ. ಲಸಿಕೆಗಳನ್ನು ನಿಲ್ಲಿಸಬೇಡಿ. ಹೃದಯ ಸೋತ ಮಗುವಿಗೆ ನ್ಯುಮೋನಿಯಾ ಬಂದರೆ ಬಹಳ ಕಷ್ಟ, ಅದಕ್ಕೇ ಲಸಿಕೆ ಇಂಥ ಮಗುವಿಗೆ ಎಲ್ಲರಿಗಿಂತ ಮೊದಲು ಬೇಕು.

ಹೊಗೆಯ ಬಗ್ಗೆ ಒಂದಿಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ. ಬಟ್ಟೆ ಒಣಗಿಸಲು, ಬಾಣಂತಿಗೆ ಬೆಚ್ಚಗಾಗಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದು ನಮ್ಮ ಕಡೆ ರೂಢಿ. ಕೆಂಡದಿಂದ ಬರುವ, ವಾಸನೆಯೂ ಇಲ್ಲದ ವಿಷಾನಿಲ ದೊಡ್ಡವರನ್ನೇ ಕೊಲ್ಲಬಲ್ಲದು. ಕೂಸಿನ ಕೋಣೆಯಲ್ಲಿ ಅದು ಇರಲೇಕೂಡದು. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯನ್ನೂ ಬಿಡಿ. ಮಗುವನ್ನು ನಿಮ್ಮ ಎದೆಗೆ ಒತ್ತಿಕೊಂಡು ಹೊದ್ದುಕೊಳ್ಳಿ, ಅದಕ್ಕಿಂತ ಒಳ್ಳೆಯ ಬಿಸಿ ಬೇರೆ ಇಲ್ಲ.

ನಾಲಿಗೆ ನೀಲಿಯಾದರೆ, ಎರಡು ಸಲ ಸತತವಾಗಿ ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರಿಗೊಮ್ಮೆ ನರಳಿದರೆ, ಮೈ ತಣ್ಣಗಾಗಿ ಬಿಳಿಚಿಕೊಂಡರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಎಕೋಗೆ ಗೊತ್ತುಮಾಡಿದ ದಿನಕ್ಕಾಗಿ ಕಾಯದೆ ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ.

ನಿಮ್ಮ ಮಗಳ ಎದೆಯಲ್ಲಿ ಕೇಳಿಸಿದ್ದು ಬೇರೆ ಜಾತಿಯ ಶಬ್ದ. ಆರೋಗ್ಯವಂತ ಮಕ್ಕಳಲ್ಲಿ ಬಹುಪಾಲು ಮಂದಿಯ ಎದೆಯಲ್ಲಿ ಎಂದಾದರೊಮ್ಮೆ ಇಂಥ ನಿರಪಾಯದ ಶಬ್ದ ಕೇಳಿಸುತ್ತದೆ. ಜ್ವರ ಬಂದಾಗ ಹೆಚ್ಚುತ್ತದೆ, ಮಲಗಿದಾಗ ಒಂದು ಬಗೆ, ಎದ್ದು ಕುಳಿತಾಗ ಇನ್ನೊಂದು ಬಗೆ. ಅವಳು ಓಡುತ್ತಾಳೆ, ಉಣ್ಣುತ್ತಾಳೆ, ಬೆಳೆಯುತ್ತಿದ್ದಾಳೆ. ತಮ್ಮನ ಕಾಯಿಲೆಯ ಹೆದರಿಕೆಯಲ್ಲಿ ಅವಳ ಹಾಕಿ ಸ್ಟಿಕ್ಕನ್ನು ಅಟ್ಟಕ್ಕೆ ಎಸೆಯಬೇಡಿ. ಓಡುವಾಗ ಪ್ರಜ್ಞೆ ತಪ್ಪಿದರೆ, ಆಡುವಾಗ ಎದೆನೋವು ಬಂದರೆ ಮಾತ್ರ ತಡಮಾಡದೆ ತೋರಿಸಿ.

ಅವಳ ವಯಸ್ಸಿನವರಲ್ಲಿ ನಾನು ಹೆದರುವುದು ರುಮ್ಯಾಟಿಕ್ ಜ್ವರಕ್ಕೆ. ಐದರಿಂದ ಹದಿನೈದು ವರ್ಷದೊಳಗೆ, ಗಂಟಲುನೋವು ಬಂದು ಎರಡು ಮೂರು ವಾರ ಕಳೆದ ಮೇಲೆ ಜ್ವರ, ಮಂಡಿ ನೋವು. ಮಂಡಿ ಇಳಿದರೆ ಹಿಮ್ಮಡಿಗಂಟು, ಅಲ್ಲಿಂದ ಮೊಣಕೈ, ಹೀಗೆ ಜಾಗ ಬದಲಿಸುವ ನೋವು. ಬೆಳವಣಿಗೆಯ ನೋವು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ಕೆಡುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಕಡೆ ಈ ಗಂಟಲಿನ ಸೋಂಕು ಬೇಗ ಹರಡುತ್ತದೆ. ನಮ್ಮ ಲೈನ್ ಮನೆಗಳ ಮಕ್ಕಳ ಪಾಡು ಅದು. ಒಮ್ಮೆ ಬಂದವರಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಅದೂ ವರ್ಷಾನುಗಟ್ಟಲೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನಗೂಲಿ ಬಿಟ್ಟು ಮಗುವನ್ನು ಕರೆದುಕೊಂಡು ಬರಲು ತಂದೆತಾಯಿಗೆ ಆಗುವುದಿಲ್ಲ, ಚುಚ್ಚುಮದ್ದು ತಪ್ಪುತ್ತದೆ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಮೂರು ವಾರಕ್ಕೊಮ್ಮೆ ಅರ್ಧ ದಿನದ ಕೂಲಿಸಹಿತ ರಜೆ ಕೊಟ್ಟು ಜೀಪಿನಲ್ಲಿ ಕಳುಹಿಸಿಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಇನ್ನು, ಐದು ದಿನವಾದರೂ ಇಳಿಯದ ಜ್ವರದ ಜೊತೆ ಕಣ್ಣು, ತುಟಿ, ನಾಲಿಗೆ ಕೆಂಪಾಗಿ ಕೈಕಾಲು ಊದಿದ ಚಿಕ್ಕ ಮಗುವಿಗೆ ಕವಾಸಾಕಿ ಕಾಯಿಲೆ ಇರಬಹುದು. ಹತ್ತು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಹೃದಯದ ರಕ್ತನಾಳಗಳು ಉಳಿಯುತ್ತವೆ.

ಕಣದಲ್ಲಿ ಜಾರಿ ಬಿದ್ದದ್ದನ್ನು ಮನಸ್ಸಿನಿಂದ ತೆಗೆದುಹಾಕಿ. ಮಗುವಿನ ಹೃದಯ ಕಟ್ಟಿ ಮುಗಿಯುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ. ತೂತಿದ್ದರೆ, ಐದನೆಯ ತಿಂಗಳಲ್ಲಿ ನೀವು ಬಿದ್ದಾಗ ಅದು ಇದ್ದೇ ಇತ್ತು. ತಾಯಿಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ, ಕೆಲವು ಮೂರ್ಛೆರೋಗದ ಔಷಧಗಳು ಕಾರಣವಾಗುವುದುಂಟು. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಎಂದು ತೋರಿಸುವ ಕಾರಣ ಸಿಗುವುದೇ ಇಲ್ಲ. ನಿಮ್ಮ ನಡಿಗೆ, ನಿಮ್ಮ ಊಟ, ನೀವು ನೋಡಿದ ಗ್ರಹಣ ಯಾವುದೂ ಇದಕ್ಕೆ ಹೊಣೆಯಲ್ಲ. ಮುಂದೆ ಇನ್ನೊಮ್ಮೆ ಬಸುರಿಯಾದರೆ 18ರಿಂದ 22 ವಾರದೊಳಗೆ ಗರ್ಭದಲ್ಲಿರುವ ಮಗುವಿನ ಎಕೋ ಮಾಡಿಸಿ.

ಎಕೋ ಮಾಡುವ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಪರದೆಯ ಮೇಲೆ ರಕ್ತದ ಹರಿವು ಕೆಂಪು ನೀಲಿಯಾಗಿ ಕಾಣುತ್ತದೆ. ತೂತಿದ್ದರೆ ಅದರಲ್ಲಿ ಬಣ್ಣ ನುಗ್ಗುವುದು ಬರಿಗಣ್ಣಿಗೆ ಗೊತ್ತಾಗುತ್ತದೆ. ಅವರಿಗೂ ತೋರಿಸಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಗದ್ದೆಯ ಬದು ಒಡೆದದ್ದನ್ನು ಅವರು ನಮಗಿಂತ ಹೆಚ್ಚು ಸಲ ಕಂಡಿರುತ್ತಾರೆ. ಹೊರಗೆ ಬರುವ ಮೊದಲು ತೂತು ಎಷ್ಟು ಮಿಲಿಮೀಟರ್, ಶ್ವಾಸಕೋಶದ ಒತ್ತಡ ಎಷ್ಟು, ಯಾವ ತಿಂಗಳೊಳಗೆ ಮುಚ್ಚಬೇಕು ಎಂದು ಕೇಳಿ ತಾಯಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಆ ಮೂರು ಉತ್ತರಗಳೊಂದಿಗೆ ನನಗೆ ಮತ್ತೆ ಬರೆಯಿರಿ.